ಪೂಜೆಯಾದ ಪೆಡಲ್ಲುಗಳು

ಹೊಸದುರ್ಗದಲ್ಲಿ ಸುಟ್ಟುಹೋದ ಮೋಟರಿಗೆ ಮರುಜನ್ಮ ಕೊಡುವವರು ಯಾರು ಎಂದು ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ನನ್ನ ಅಂಗಡಿಯತ್ತ ಕೈ ತೋರಿಸುತ್ತಾರೆ. ಗಿಟಾರ್ ನುಡಿಸುವವರು ಯಾರು ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ಎರಡನೆಯ ಪ್ರಶ್ನೆಗೂ ಉತ್ತರ ನಾನೇ. ಎರ್ರಿಸ್ವಾಮಿ: ಹಗಲು ಬೋರ್‌ವೆಲ್ ಮೋಟರ್ ರಿವೈಂಡಿಂಗ್, ಸಂಜೆ ಲೀಡ್ ಗಿಟಾರ್ (ಕರೆಂಟ್ ಇದ್ದರೆ). ಕಲಾವಿದನಿಗೆ ಅವನ ಊರಿನಲ್ಲೇ ಆಗುವ ಈ ಅನ್ಯಾಯವನ್ನು ನಿಮ್ಮ ಹತ್ತಿರವಾದರೂ ಹೇಳಿಕೊಳ್ಳೋಣ ಎಂದು ಕೂತಿದ್ದೇನೆ.

ನಮ್ಮೂರಿನ ಕನಕರಾಜನ ಆರ್ಕೆಸ್ಟ್ರಾ ಸುತ್ತಮುತ್ತ ಹೆಸರುವಾಸಿ. ಮದುವೆ, ನಾಮಕರಣ, ಗಣಪತಿ ಹಬ್ಬ, ಯಾವುದಕ್ಕೆ ಕರೆದರೂ ವೇದಿಕೆಯ ಎಡಗಡೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇರುತ್ತದೆ. ಅದು ನನ್ನದು. ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಅದರಲ್ಲಿ ಕೂತರೆ, ಬೆಳಗಿನಿಂದ ಗ್ರೀಸು ಮೆತ್ತಿದ ಕೈ ಇದೇನಾ ಎಂದು ನನಗೇ ಅನುಮಾನ ಬರುತ್ತದೆ. ನನ್ನ ಪಾಲಿಗೆ ಅದು ಕುರ್ಚಿಯಲ್ಲ, ರತ್ನಖಚಿತ ಸಿಂಹಾಸನ. ಅಂಥ ಸಿಂಹಾಸನದ ಬುಡಕ್ಕೇ ಕನಕರಾಜ ಕೊಡಲಿ ಹಾಕಿದ. ಗಣಪತಿ ಹಬ್ಬದ ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಹೆಗಲ ಮೇಲೆ ಕೈ ಹಾಕಿ ಹೇಳಿದ.

"ಏನಪ್ಪ ಎರ್ರಿಸ್ವಾಮಿ, ನಿನ್ನ ಗಿಟಾರು ತೆಂಗಿನ ಗರಿ ಸಿಗಿದಂಗೆ ಬರ್ತೈತೆ. ಈಗಿನ ಹಾಡಿಗೆ ಇದು ಸಾಲಲ್ಲ. ಕೀಬೋರ್ಡಿನಾಗೇ ಬೇಕಾದಷ್ಟು ತರದ ಗಿಟಾರ್ ಅವೆ. ರಾಜ್ಯೋತ್ಸವದೊಳಗೆ ನಿನ್ನ ಸೌಂಡ್ ಸರಿಹೋಗ್ಲಿಲ್ಲ ಅಂದ್ರೆ ಆ ಕುರ್ಚಿ ತೆಗೆದುಬಿಡ್ತೀನಿ, ಬೇಜಾರು ಮಾಡ್ಕಬ್ಯಾಡ."

ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆ? ಅನ್ನ ಸೇರಲಿಲ್ಲ. (ಎರಡನೇ ಸಲ ಬಡಿಸಿಕೊಂಡಿದ್ದು ಮಾತ್ರ ಸೇರಲಿಲ್ಲ.) ಆಗಲೇ ನನಗೆ ಪೆಡಲ್ಲುಗಳ ಜ್ಞಾನೋದಯವಾಯಿತು.

ಗಿಟಾರಿನ ವೈರನ್ನು ನೇರವಾಗಿ ಆಂಪ್ಲಿಫೈಯರಿಗೆ ಕೊಡುವ ಬದಲು ನಡುವೆ ಒಂದು ಪುಟ್ಟ ಲೋಹದ ಡಬ್ಬಿಗೆ ಕೊಡುತ್ತಾರೆ. ಅದೇ ಪೆಡಲ್. ನುಡಿಸುತ್ತಾ ಅದನ್ನು ಕಾಲಿನಿಂದ ಒತ್ತಿದರೆ, ಸಾಧುವಾಗಿ ಒಳಗೆ ಹೋದ ಶಬ್ದ ರಾಕ್ಷಸನಾಗಿ ಹೊರಗೆ ಬರುತ್ತದೆ. ಕೈ ಎರಡೂ ತಂತಿಯ ಮೇಲಿರುವುದರಿಂದ ಒತ್ತುವ ಕೆಲಸ ಕಾಲಿನದು. (ಈ ಮಾತು ನೆನಪಿರಲಿ, ನನ್ನ ಸರ್ವನಾಶ ಇದರಲ್ಲೇ ಇದೆ.)

ಆಯ್ಕೆ ಮಾಡುವುದಕ್ಕೆ ಮೊಬೈಲಿನಲ್ಲಿ ಘೋರ ತಪಸ್ಸು ಮಾಡಿದೆ. ಉದ್ದ ಗಡ್ಡದ ಒಬ್ಬ ಪುಣ್ಯಾತ್ಮ ಅದರಲ್ಲಿ ಪಾಠ ಹೇಳುತ್ತಿದ್ದ. ಮೊದಲು ಒಂದೇ ಪೆಡಲ್ ತಗೊಳ್ಳಿ, ಅದನ್ನು ಕಡಿಮೆ ಇಟ್ಟುಕೊಂಡು ಚೆನ್ನಾಗಿ ಕಲಿಯಿರಿ, ಆಮೇಲೆ ಇನ್ನೊಂದು ಎಂದ. ಆ ಭಾಗವನ್ನು ಓಡಿಸಿ ಮುಂದಕ್ಕೆ ಹೋದೆ. ಮೋಟರಿನ ವಿಷಯದಲ್ಲಿ ನನಗೊಂದು ಅನುಭವವಿದೆ: ಎಚ್‌ಪಿ ಜಾಸ್ತಿ ಇದ್ದಷ್ಟೂ ನೀರು ಜಾಸ್ತಿ. ಅದೇ ಲೆಕ್ಕದಲ್ಲಿ ಯಾವುದಕ್ಕೆ ತಿರುಗಿಸುವ ಗುಂಡಿ ಜಾಸ್ತಿ ಇತ್ತೋ ಅದನ್ನೇ ಆರಿಸಿ ಮೂರು ಪೆಡಲ್ ತರಿಸಿದೆ. ಡಿಸ್ಟಾರ್ಷನ್, ಡಿಲೇ, ರಿವರ್ಬ್. ಹೆಂಡತಿ ಯಶೋಧಾ ಅಕ್ಕಿ ಆರಿಸುತ್ತಾ ಕೂತಿದ್ದಳು. ಮೊದಲನೆಯದು ಶಬ್ದವನ್ನು ಹರಿದು ಕಿರುಚುವ ಹಾಗೆ ಮಾಡುತ್ತದೆ, ಎರಡನೆಯದು ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತದೆ, ಮೂರನೆಯದು ಬಾವಿಯೊಳಗೆ ಕೂಗಿದ ಹಾಗೆ ಮಾಡುತ್ತದೆ ಎಂದು ಅವಳಿಗೆ ವಿವರಿಸಿದೆ.

"ಕಿರುಚೋದು, ಹೇಳಿದ್ದೇ ಹೇಳೋದು, ಬಾವಿಗೆ ಬಿದ್ದಂಗೆ ಕೂಗೋದು," ಎಂದಳು ಯಶೋಧಾ, ಕಲ್ಲು ತೆಗೆದು ಪಕ್ಕಕ್ಕೆ ಹಾಕುತ್ತಾ. "ಇದಕ್ಕೆ ಡಬ್ಬಿ ಯಾಕೆ ತರ್ಸಿದ್ರಿ? ದಿನಾ ಮನೇಲಿ ಬಿಟ್ಟಿ ಮಾಡ್ತೀರಲ್ಲ."

ಕಲಾವಿದರ ಹೆಂಡತಿಯರು ಹೀಗೆಯೇ. ನಾನು ಅಟ್ಟ ಹತ್ತಿದೆ. ಮೂರು ಪೆಡಲ್ಲುಗಳನ್ನು ಒಂದು ಹಲಗೆಯ ಮೇಲೆ ಸಾಲಾಗಿ ಅಂಟಿಸಿಕೊಳ್ಳಬೇಕೆಂದು ಗಡ್ಡದವನು ಹೇಳಿದ್ದ. ಅಟ್ಟದಲ್ಲಿ ಹೇಳಿ ಮಾಡಿಸಿದಂಥ ಒಂದು ಮಣೆ ಸಿಕ್ಕಿತು. ಹಲಸಿನ ಮರದ್ದು, ನಾಲ್ಕು ಮೂಲೆಗೂ ಹಿತ್ತಾಳೆಯ ಹೂವು. ಯಶೋಧಾ ಅದನ್ನು ನೋಡಿ, ಅದು ಹಬ್ಬಕ್ಕೆ ಕಳಸ ಇಡುವ ಮಣೆ, ಅತ್ತೆಗೆ (ಅಂದರೆ ನಮ್ಮವ್ವನಿಗೆ) ಒಂದು ಮಾತು ಹೇಳಿ ತಗೊಳ್ಳಿ ಎಂದಳು. ಸಂಗೀತಕ್ಕಿಂತ ದೊಡ್ಡ ಕಳಸ ಯಾವುದಿದೆ ಎಂದು ಕೇಳಿ, ನಾನು ಮೂರನ್ನೂ ಅದರ ಮೇಲೆ ಅಂಟಿಸಿದೆ. ಮಾತು ಚೆನ್ನಾಗಿತ್ತು, ಆದರೆ ಅದೇ ನನಗೆ ಮುಳುವಾಯಿತು.

ಮಾರನೇ ದಿನವೇ ಆಯುಧ ಪೂಜೆ. ಮೋಟರ್ ಅಂಗಡಿಯವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಸ್ಪ್ಯಾನರು, ಟೆಸ್ಟರು, ಸುತ್ತಿಗೆ ಎಲ್ಲವನ್ನೂ ತೊಳೆದು ಮನೆಯ ನಡುಮನೆಯಲ್ಲಿ ಜೋಡಿಸಿ, ನಾನು ಬೂದುಗುಂಬಳಕಾಯಿ ತರಲು ಸಂತೆಗೆ ಹೋದೆ. ವಾಪಸು ಬಂದು ನೋಡಿದರೆ ಪೂಜೆಗೆ ಎಲ್ಲವೂ ಸಿದ್ಧ. ನಮ್ಮವ್ವ ಉಚ್ಚಂಗೆಮ್ಮ ಸ್ಪ್ಯಾನರುಗಳ ನಟ್ಟನಡುವೆ ಕಳಸದ ಮಣೆಯನ್ನಿಟ್ಟು, ಅದರ ಮೇಲಿನ ಮೂರೂ ಪೆಡಲ್ಲಿಗೆ ವಿಭೂತಿಯ ಮೂರು ಮೂರು ಪಟ್ಟೆ ಎಳೆದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದ್ದಳು. ಮಗ ಹೊಸ ಆಯುಧವನ್ನು ಮಣೆಯ ಮೇಲೆ ಕೂರಿಸಿದ್ದಾನೆ ಎಂದರೆ ಪೂಜೆಗಲ್ಲದೆ ಇನ್ನೇತಕ್ಕೆ? ತ್ರಿಮೂರ್ತಿಗಳು ಲಕ್ಷಣವಾಗಿ ಕೂತಿದ್ದವು. ನನಗೂ ಖುಷಿಯಾಗಿ ನಾನೇ ಮಂಗಳಾರತಿ ಎತ್ತಿದೆ, ಕಾಯಿ ಒಡೆದೆ, ಅಡ್ಡಬಿದ್ದೆ.

ಹಬ್ಬ ಕಳೆದ ಮೇಲೆ ಮಣೆಯನ್ನು ನೆಲಕ್ಕಿಟ್ಟು, ವೈರು ಸಿಕ್ಕಿಸಿ, ಗಿಟಾರ್ ಹೆಗಲಿಗೇರಿಸಿ, ಬಲಗಾಲನ್ನು ಎತ್ತಿದೆ. ಅಡಿಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು.

"ಕಾಲು ಕೆಳಗಿಡು," ಎಂದಳು. ಜೋರಾಗಿ ಹೇಳಲಿಲ್ಲ. ಅವಳು ಜೋರಾಗಿ ಹೇಳದೆ ಇದ್ದರೆ ನನಗೆ ಹೆಚ್ಚು ಭಯ.

ಇದನ್ನು ಕಾಲಲ್ಲೇ ಒತ್ತುವುದು, ಇದರ ಹೆಸರೇ ಪೆಡಲ್ ಎಂದು ತಿಳಿಸಿ ಹೇಳಿದೆ. ಬೈಕಿಗೂ ಪೂಜೆ ಮಾಡುತ್ತೀಯ, ಅದಕ್ಕೆ ಕಿಕ್ ಹೊಡೆಯುವುದಿಲ್ಲವೇ ಎಂದು ಬ್ರಹ್ಮಾಸ್ತ್ರವನ್ನೂ ಬಿಟ್ಟೆ.

"ಬೈಕು ಬೈಕು. ಇದ್ರಾಗೆ ಹಾಡು ಬರ್ತೈತೆ ಅಂತ ನೀನೇ ಹೇಳ್ದೆ. ಹಾಡು ಅಂದ್ರೆ ಸರಸ್ವತಿ. ಪುಸ್ತಕಕ್ಕೆ ಕಾಲು ತಾಗಿದ್ರೆ ಕಣ್ಣಿಗೊತ್ಕಂತೀಯ, ಇದನ್ನ ತುಳೀತೀಯಾ? ಅದೂ ಕಳಸದ ಮಣೆ ಮೇಲೆ ಇಟ್ಟು?" ಎಂದಳು ಅವ್ವ. "ದೇವ್ರು ಎರಡು ಕೈ ಕೊಟ್ಟವ್ನೆ. ಕೈಯಾಗೆ ಒತ್ತು."

ಕಾಲು ತೊಳೆದುಕೊಂಡು ಒತ್ತುತ್ತೇನೆ ಎಂದೆ. ಆಗುವುದಿಲ್ಲ ಎಂದಳು. ಹೊಸ ಕಾಲುಚೀಲ ಎಂದೆ. ಅದಕ್ಕೆ ಅವಳು ನನ್ನ ಕಾಲನ್ನೊಮ್ಮೆ ನೋಡಿ ಒಳಗೆ ಹೋದಳು. ಕೈಯಲ್ಲಿ ಒತ್ತಿ ನೋಡಿದೆ. ಬಗ್ಗಿದ ಕೂಡಲೇ ಗಿಟಾರಿನ ಕುತ್ತಿಗೆ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಒತ್ತಿ ಎದ್ದು ತಂತಿ ಹಿಡಿಯುವಷ್ಟರಲ್ಲಿ ಮೊಬೈಲಿನಲ್ಲಿ ಹಾಕಿಕೊಂಡಿದ್ದ ಹಾಡು ಪಲ್ಲವಿ ದಾಟಿ ಚರಣಕ್ಕೆ ಹೋಗಿತ್ತು. ಮೊಣಕೈಯಲ್ಲಿ ಪ್ರಯತ್ನಿಸಿದ್ದನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಅದನ್ನು ಕಿಟಕಿಯಿಂದ ನೋಡಿದ ಪಕ್ಕದ ಮನೆಯ ಶಾಂತಕ್ಕ ಯಶೋಧಾಳನ್ನು ಕರೆದು, ನಿಮ್ಮನೆಯವರಿಗೆ ಸೊಂಟ ಹಿಡಿದಿದ್ದರೆ ನಮ್ಮಲ್ಲಿ ಎಣ್ಣೆ ಇದೆ ಎಂದರಂತೆ.

ಕೊನೆಗೆ ಮಣೆಯನ್ನು ಗೋಣಿಚೀಲದಲ್ಲಿ ಸುತ್ತಿ ಕದ್ದು ಅಂಗಡಿಗೆ ಒಯ್ದೆ. ಅವ್ವನ ಕಣ್ಣಿಲ್ಲದ ಕಡೆ ಕಾಲಿಗೆ ಯಾವ ಅಡ್ಡಿ? ಅಡ್ಡಿ ಇತ್ತು. ಕಾಲೆತ್ತಿದೆ, ವಿಭೂತಿಯ ಪಟ್ಟೆ ಕಂಡಿತು, ಕಾಲು ಇಳಿಯಲಿಲ್ಲ. ಮಂಗಳಾರತಿ ಎತ್ತಿದವನು ನಾನೇ ಅಲ್ಲವೇ? ಹಾಳಾಗಲಿ ಎಂದು ಕೂತು ಕೈಯಲ್ಲೇ ಮೂರನ್ನೂ ಒತ್ತಿ, ಒಂದು ತಂತಿ ಮೀಟಿದೆ. ಹೊರಗೆ ಕಾಯುತ್ತಿದ್ದ ಶ್ರೀರಾಂಪುರದ ದುರುಗಣ್ಣ ಬೀಡಿ ಬಿಸಾಕಿ ಒಳಗೆ ಓಡಿಬಂದು, "ಆಫ್ ಮಾಡಪ್ಪ, ನನ್ನ ಮೋಟರ್ ಸುಡ್ತೈತೆ," ಎಂದ.

ಹೀಗೆ ಎಲ್ಲ ದಾರಿಯೂ ಮುಚ್ಚಿದ ಮೇಲೆ ಗಂಡಸು ಎಲ್ಲಿಗೆ ಹೋಗುತ್ತಾನೋ ಅಲ್ಲಿಗೇ ಹೋದೆ. ಯಶೋಧಾಳ ಮುಂದೆ ನಿಂತು, ನೀನು ಮಣೆಯ ಪಕ್ಕ ಕೂತು ಕೈಯಲ್ಲಿ ಒತ್ತಿಕೊಡಬೇಕು, ಇಲ್ಲದಿದ್ದರೆ ನನ್ನ ಕುರ್ಚಿ ಹೋಗುತ್ತದೆ ಎಂದೆ. ಅವಳು ನನ್ನ ಮುಖ ನೋಡಿ, ಸೆರಗಿಗೆ ಕೈ ಒರೆಸಿಕೊಂಡು, ಆಯಿತು, ಹೇಗೆ ಅಂತ ಹೇಳಿಕೊಡಿ ಎಂದಳು.

ನುಡಿಸುವಾಗ ಬಾಯಿ ಬಿಟ್ಟು ಹೇಳುವಂತಿಲ್ಲವಲ್ಲ, ಅದಕ್ಕೆ ಒಂದು ರಹಸ್ಯ ಸಂಕೇತ ವ್ಯವಸ್ಥೆಯನ್ನು ರೂಪಿಸಿದೆ. ಹುಬ್ಬು ಎತ್ತಿದರೆ ಡಿಸ್ಟಾರ್ಷನ್, ತಲೆ ಆಡಿಸಿದರೆ ಡಿಲೇ, ಕಣ್ಣು ಮುಚ್ಚಿದರೆ ರಿವರ್ಬ್. ಮೊದಲ ಅಭ್ಯಾಸದಲ್ಲೇ ವ್ಯವಸ್ಥೆ ಕುಸಿಯಿತು.

"ಅಲ್ರೀ, ನೀವು ಗಿಟಾರ್ ಹಿಡಿದ ತಕ್ಷಣ ಹುಬ್ಬು, ತಲೆ, ಕಣ್ಣು ಎಲ್ಲ ತಾವೇ ಕುಣೀತವೆ," ಎಂದಳು. "ನಾನು ನಿಮ್ಮ ಮುಖ ನೋಡ್ಲಾ, ಹಾಡು ಕೇಳ್ಲಾ?"

ಮುಖವನ್ನೇ ನೋಡಬೇಕೆಂದು ಕಟ್ಟಪ್ಪಣೆ ಮಾಡಿದೆ. ಇನ್ನೊಂದು ತಕರಾರು ಗುಂಡಿಗಳದ್ದು. ನಾನು ಎಲ್ಲವನ್ನೂ ಪೂರ್ತಿ ಬಲಕ್ಕೆ ತಿರುಗಿಸಿಟ್ಟರೆ, ಅವಳು ನಾನು ಆ ಕಡೆ ತಿರುಗುವುದನ್ನೇ ಕಾದು ಅರ್ಧಕ್ಕೆ ಇಳಿಸುವಳು. ಸಾರಿಗೆ ಇರುವ ಖಾರವನ್ನೆಲ್ಲ ಸುರಿಯುತ್ತಾರಾ, ಹಾಡಿನ ರುಚಿ ತಿಳಿಯಬೇಡವಾ ಎಂದು ಅವಳ ವಾದ. ಪೂರ್ತಿ ತಿರುಗಿಸಬಾರದಾಗಿದ್ದರೆ ಕಂಪನಿಯವರು ಅಲ್ಲಿತನಕ ತಿರುಗುವ ಹಾಗೆ ಯಾಕೆ ಮಾಡುತ್ತಿದ್ದರು ಎಂದು ನನ್ನ ವಾದ. ರಾಜ್ಯೋತ್ಸವದ ದಿನದವರೆಗೂ ಈ ಮೊಕದ್ದಮೆ ಇತ್ಯರ್ಥವಾಗಲಿಲ್ಲ.

ಮೈದಾನದ ತುಂಬ ಹಳದಿ ಕೆಂಪು ಬಾವುಟ. ಮುಂದಿನ ಸಾಲಿನಲ್ಲಿ ಅವ್ವ, ಶಾಂತಕ್ಕ. ನಾನು ಸಿಂಹಾಸನಾರೂಢನಾದೆ. ಯಶೋಧಾ ಹಬ್ಬದ ಸೀರೆ ಉಟ್ಟು ನನ್ನ ಪಕ್ಕ ಚಾಪೆಯ ಮೇಲೆ ಮಣೆ ಇಟ್ಟುಕೊಂಡು ಕೂತಳು. ಪೂಜೆಗೆ ಕೂತ ಹಾಗೇ ಇತ್ತು. ನಿರೂಪಕರು ನಮ್ಮ ಹೆಸರು ಹೇಳುವಾಗ, ಅವಳು ಸೆರಗು ಸರಿಮಾಡಿಕೊಳ್ಳುವ ಸಮಯ ನೋಡಿ, ನಾನು ಬಗ್ಗಿ ಎಲ್ಲ ಗುಂಡಿಗಳನ್ನೂ ಪೂರ್ತಿ ಬಲಕ್ಕೆ ತಿರುಗಿಸಿಬಿಟ್ಟೆ. ನಂತರ ಹುಬ್ಬೆತ್ತಿ, ತಲೆಯಾಡಿಸಿ, ಕಣ್ಣುಮುಚ್ಚಿದೆ. ನಾನು ಹೇಳಿಕೊಟ್ಟಂತೆಯೇ ಅವಳು ಮೂರನ್ನೂ ಒತ್ತಿದಳು.

ಆಮೇಲೆ ಆದದ್ದಕ್ಕೆ ಸಂಗೀತಶಾಸ್ತ್ರದಲ್ಲಿ ಹೆಸರಿಲ್ಲ. ಡಿಸ್ಟಾರ್ಷನ್ ಊಳಿಟ್ಟಿತು. ಡಿಲೇ ಆ ಊಳನ್ನು ಹಿಡಿದು ಮತ್ತೆ ಮತ್ತೆ, ಒಂದಕ್ಕಿಂತ ಒಂದು ಜೋರಾಗಿ ಹೇಳತೊಡಗಿತು. ರಿವರ್ಬ್ ಅದನ್ನೆಲ್ಲ ಮೈದಾನದ ಮೂಲೆಮೂಲೆಗೂ ಹಂಚಿತು. ನಾನು ತಂತಿಯಿಂದ ಕೈ ತೆಗೆದರೂ ಅದು ನಿಲ್ಲಲಿಲ್ಲ. ವೇದಿಕೆಯ ಮೇಲಿದ್ದ ಗಣ್ಯರು ಕಿವಿ ಮುಚ್ಚಿಕೊಂಡರು. ಜನರ ನಡುವಿನಿಂದ ದುರುಗಣ್ಣನ ಪರಿಚಿತ ದನಿ, ಮೋಟರ್ ಸುಡ್ತೈತೆ ಆಫ್ ಮಾಡ್ರಪ್ಪ ಎಂದು ಕೇಳಿಸಿತು. ಕನಕರಾಜ ನನ್ನ ಕುರ್ಚಿಯ ಕಡೆಗೇ ಬರುತ್ತಿದ್ದ. ಅವನ ನಡಿಗೆ ನೋಡಿಯೇ ನನಗೆ ಎಲ್ಲ ಮುಗಿಯಿತು ಅನಿಸಿತು.

ಅಷ್ಟರಲ್ಲಿ ಯಶೋಧಾ ಮೂರನ್ನೂ ಟಕ್ ಟಕ್ ಎಂದು ಆರಿಸಿದಳು. ಮೈದಾನ ಸ್ತಬ್ಧವಾಯಿತು. ಅವಳು ನಿಧಾನವಾಗಿ ಒಂದೊಂದೇ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ, ನನ್ನ ಕಡೆ ನೋಡದೆಯೇ, "ಈಗ ನುಡ್ಸ್ರಿ. ಹುಬ್ಬು ಎತ್ತಬ್ಯಾಡ್ರಿ," ಎಂದಳು.

ಮುಂದಿನದು ಅವಳು ಪಾತ್ರೆ ತೊಳೆಯುವಾಗಲೆಲ್ಲ ಗುನುಗುವ ಹಳೆಯ ಹಾಡು. ಅದರ ಹಿಂದುಮುಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಪಲ್ಲವಿಗೆ ಏನನ್ನೂ ಒತ್ತಲಿಲ್ಲ. ಆರ್ಕೆಸ್ಟ್ರಾದ ಗಾಯಕಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಯಶೋಧಾ ಡಿಲೇ ಒತ್ತಿದಳು, ನನ್ನ ಒಂದು ಸ್ವರ ಎರಡಾಗಿ ಮೂರಾಗಿ ಮೆಲ್ಲಗೆ ದೂರ ಹೋಯಿತು. ಕೊನೆಯಲ್ಲಿ ಗಿಟಾರ್ ಒಂದೇ ಉಳಿಯುವ ಕಡೆ ಡಿಸ್ಟಾರ್ಷನ್ ಒತ್ತಿದಳು, ಅದು ಊಳಿಡಲಿಲ್ಲ, ಅತ್ತಿತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ನುಡಿಸಿರಲಿಲ್ಲ. ಜನ ಎದ್ದು ಶಿಳ್ಳೆ ಹೊಡೆದರು. ನಾನು ಕಣ್ಣಲ್ಲಿ ನೀರು ತುಂಬಿಕೊಂಡು, ಎದ್ದು ನಿಂತು, ನಾಲ್ಕೂ ದಿಕ್ಕಿಗೆ ಕೈಮುಗಿದೆ. ಮೂರನೇ ದಿಕ್ಕಿಗೆ ಮುಗಿಯುವಾಗ, ಜನರೆಲ್ಲ ಚಾಪೆಯ ಕಡೆ ನೋಡುತ್ತಿದ್ದಾರೆ ಎಂದು ತಿಳಿಯಿತು.

ಕಾರ್ಯಕ್ರಮ ಮುಗಿದ ಮೇಲೆ ಕನಕರಾಜ ಬಂದ. ಅವನು ಕೈ ಹಾಕಲಿ ಎಂದು ನಾನು ಹೆಗಲು ಕೊಟ್ಟು ನಿಂತೆ, ಅವನು ನನ್ನನ್ನು ದಾಟಿ ಹೋಗಿ ಯಶೋಧಾಳಿಗೆ ನಮಸ್ಕಾರ ಮಾಡಿದ.

"ಅಕ್ಕ, ಹೊಳಲ್ಕೆರೆ ಪ್ರೋಗ್ರಾಮಿಗೆ ನೀವು ಬರ್ಲೇಬೇಕು. ನಿಮ್ ಕೈ ಇಲ್ಲದೆ ನಾವು ಇನ್ನ ಸ್ಟೇಜ್ ಹತ್ತಾಕಿಲ್ಲ."

ಬರುವುದಕ್ಕೇನೋ ಅಡ್ಡಿಯಿಲ್ಲ, ಕೆಳಗೆ ಕೂತರೆ ಮಂಡಿ ಹಿಡಿದುಕೊಳ್ಳುತ್ತದೆ ಎಂದಳು ಯಶೋಧಾ. ಕನಕರಾಜ ಅತ್ತಿತ್ತ ನೋಡಿದ. ಅವನ ಕಣ್ಣು ಕೆಂಪು ಕುರ್ಚಿಯ ಮೇಲೆ ನಿಂತಿತು.

"ಇದ್ರ ಮ್ಯಾಲೆ ಕುಂತ್ಕಳ್ರಿ, ಮಣೆಗೆ ಒಂದು ಸ್ಟೂಲ್ ಹಾಕ್ಸಾಣ. ಎರ್ರಿಸ್ವಾಮಿ ನಿಂತ್ಕಂಡು ನುಡಿಸ್ತಾನೆ."

ಕುರ್ಚಿ ತೆಗೆಯುತ್ತೇನೆ ಎಂದಿದ್ದವನು ತೆಗೆಯಲಿಲ್ಲ, ಅಷ್ಟರ ಮಟ್ಟಿಗೆ ನಾನು ಗೆದ್ದೆ. ಪೂಜೆಯಾದ ಮಣೆಯನ್ನು ಚಪ್ಪಲಿ ಹಾಕಿಕೊಂಡು ಹೊರಬಾರದು ಎಂಬ ಕಾನೂನನ್ನು ಅವ್ವ ಅಲ್ಲೇ ಜಾರಿಗೆ ತಂದಳು. ಹೊಳಲ್ಕೆರೆಯಲ್ಲಿ ಬಸ್ಸಿಳಿದು ಯಶೋಧಾ ಮುಂದೆ ನಡೆದಳು. ಬೆನ್ನಿಗೆ ಗಿಟಾರ್, ತಲೆಯ ಮೇಲೆ ಮಣೆ ಹೊತ್ತು, ಬರಿಗಾಲಲ್ಲಿ, ಬಿಸಿಲಿಗೆ ಕಾದ ಟಾರು ರಸ್ತೆಯ ಮೇಲೆ ಪಾದ ಎತ್ತೆತ್ತಿ ಇಡುತ್ತಾ ನಾನು ಅವಳ ಹಿಂದೆ ಹೋದೆ. ಪೆಡಲ್ಲಿನ ಮೇಲೆ ಇಡಲಾಗದ ಕಾಲಿಗೆ ಈ ಗತಿ. ವೇದಿಕೆಯ ಹತ್ತಿರ ಕುರ್ಚಿ ಜೋಡಿಸುತ್ತಿದ್ದವರೊಬ್ಬರು ಅವಳಿಗೆ ಟೀ ತಂದುಕೊಟ್ಟು, ಆಮೇಲೆ ನನ್ನನ್ನು ನೋಡಿ, "ಅಣ್ಣ, ನೀವು ಅಕ್ಕನ ಜೊತೆಗೆ ಬಂದೋರಾ?" ಎಂದು ಕೇಳಿದರು.

ಹೌದು ಎಂದೆ. ನನಗೂ ಒಂದು ಟೀ ಕೊಟ್ಟರು.