ಬಲಕ್ಕೆ ಮಾತ್ರ ತಿರುಗುವ ಮಹಾರಾಣಿ

"ಸೋಮವಾರ ಅತ್ತೇನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗೋದು ನಾನೇ. ಅದೂ ನಮ್ಮ ಕಾರಲ್ಲೇ!" ಎಂದು ಗಡಿಯಾರ ರಿಪೇರಿಯ ಯಜಮಾನರು ಊಟದ ಮೇಜು ಕುಟ್ಟಿ ಘೋಷಿಸಿದಾಗ ತಟ್ಟೆಗಳು ನಡುಗಿದವು. ಹೆಂಡತಿ ನಡುಗಲಿಲ್ಲ. ಆಕೆ ಶಾಲೆಯಲ್ಲಿ ಗಣಿತದ ಮೇಡಂ.

"ಹತ್ತು ಗಂಟೆಗೆ ಅಮ್ಮ ಡಾಕ್ಟರ ಮುಂದಿರ್ಬೇಕು. ಹತ್ತು ಅಂದ್ರೆ ಹತ್ತು. ತಪ್ಪಿದ್ರೆ ಸಂಜೆ ಗುಜರಿಯವರು ಬಂದು ಎಳ್ಕೊಂಡು ಹೋಗ್ತಾರೆ. ಅಮ್ಮನನ್ನಲ್ಲ, ಕಾರನ್ನ."

ಆ ಕಾರು ತೀರಿಕೊಂಡ ಮಾವನವರು ಬಿಟ್ಟುಹೋದದ್ದು. ವಯಸ್ಸಿನಲ್ಲಿ ಯಜಮಾನರಿಗಿಂತ ಹಿರಿದು, ಹಟದಲ್ಲಿ ಹೆಂಡತಿಗಿಂತ. ಮಳೆ ಬಂದರೆ ಹೊರಗಿಗಿಂತ ಒಳಗೇ ಹೆಚ್ಚು ನೆನೆಯಬಹುದು. ಹೊರಡುವುದು ಬಿಡುವುದು ಅದರ ಮರ್ಜಿ. ಅದಕ್ಕೇ ಮಹಾರಾಣಿ ಎಂದು ಹೆಸರು. ಆದರೆ ಹೊರಟ ದಿನದ ವೈಭವವೇ ಬೇರೆ! ಸಿಗ್ನಲ್ಲಿನಲ್ಲಿ ಗುರುತಿಲ್ಲದವರೂ ಕಿಟಕಿಗೆ ಬಗ್ಗಿ, ಎಷ್ಟನೇ ಇಸವಿಯದು ಎಂದು ವಿಚಾರಿಸುತ್ತಾರೆ. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕೂರುವ ಮನುಷ್ಯನಿಗೆ ಬೆನ್ನು ನೆಟ್ಟಗಾಗುತ್ತಿದ್ದುದು ಆ ಸೀಟಿನಲ್ಲಿ ಮಾತ್ರ. ಅದು ಗುಜರಿಗೆ ಹೋಗುವುದನ್ನು ನೆನೆದರೇ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ಭಾನುವಾರ ಬಾನೆಟ್ ಎತ್ತಿ ನೋಡಿದರು. ಎಲ್ಲ ಸರಿಯಿತ್ತು. ಅಲ್ಲಿಗೇ ಮುಚ್ಚಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಒಂದೇ ಒಂದು ತಂತಿ ಬಿಚ್ಚಿಕೊಂಡು ನೇತಾಡುತ್ತಿತ್ತು. ಕೂದಲೆಳೆಯಂಥ ಸ್ಪ್ರಿಂಗು ಕೂರಿಸುವ ಕೈ ಸುಮ್ಮನಿದ್ದೀತೇ? ಜೋಡಿಸಿ ಬಿಗಿದೇಬಿಟ್ಟರು. ವರ್ಷಗಳಿಂದ ಮೂಕವಾಗಿದ್ದ ಹಾರನ್ "ಪೋಂ" ಎಂದಿತು! ಮೂಕನಿಗೆ ಮಾತು ಬರಿಸಿದ ಹೆಮ್ಮೆಯಲ್ಲಿ ಆ ರಾತ್ರಿ ಅವರು ಸೊಗಸಾಗಿ ಗೊರಕೆ ಹೊಡೆದರು.

ಸೋಮವಾರ ಒಂಬತ್ತೂವರೆಗೆ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು. ಆಪರೇಷನ್ ಆದ ಒಂದು ಕಣ್ಣಿಗೆ ಕಟ್ಟು, ಇನ್ನೊಂದಕ್ಕೆ ಪೊರೆ. ಹೆಂಡತಿ ಶಾಲೆಯಿಂದ ನೇರ ಆಸ್ಪತ್ರೆಗೆ ಬರುವವಳಿದ್ದಳು. ದಾರಿ ಬರೀ ಏಳು ನಿಮಿಷದ್ದು. ಮೊದಲ ತಿರುವಿನಲ್ಲಿ ಎಡಕ್ಕೆ ತಿರುಗಿಸಿದ್ದೇ ತಡ, ಹಾರನ್ ತಾನಾಗಿ ಬಾಯಿ ಬಡಿದುಕೊಳ್ಳತೊಡಗಿತು. ಚಕ್ರ ನೇರವಾದ ಮೇಲೆ ನಿಂತಿತು. ಇನ್ನೊಮ್ಮೆ ಎಡಕ್ಕೆ ತಿರುಗಿಸಿದರೆ ಮತ್ತೆ ಅದೇ ರಂಪ. ಹಾಲಿನವನು ಸೈಕಲ್ ಸಮೇತ ಫುಟ್‌ಪಾತ್ ಹತ್ತಿದ. ಬಲಕ್ಕೆ ತಿರುಗಿದರೆ ಮಾತ್ರ ಹಸುವಿನಷ್ಟು ಸಾಧು.

ತಂತಿ ಕಿತ್ತರೆ ಮುಗಿಯುತ್ತಿತ್ತು. ಆದರೆ ಜೋಡಿಸಿದ್ದನ್ನು ಕೀಳಬಾರದೆಂಬುದು ಅವರ ಅಂಗಡಿಯ ಧರ್ಮ! ತಂತಿಯ ಬದಲು ದಾರಿಯನ್ನೇ ರಿಪೇರಿ ಮಾಡಿದರು. ಮೂರು ಸಲ ಬಲಕ್ಕೆ ತಿರುಗಿದರೆ ಒಂದು ಎಡ ಆಯಿತಲ್ಲ!

"ಬ್ರೆಡ್ಡಿನ ವಾಸನೆ ಬರ್ತಿದೆ, ಬೇಕರಿ ಬಂತಾ ಅಳಿಯಂದ್ರೇ?" ಎಂದರು ಅತ್ತೆ. ಹೌದೆಂದರು. ಸ್ವಲ್ಪ ಹೊತ್ತಿಗೆ ಅದೇ ವಾಸನೆ. ಇದು ಬೇರೆ ಬೇಕರಿ ಎಂದರು. ಒಂದು ಬೀದಿಯನ್ನು ಅಗೆದುಹಾಕಿದ್ದರಿಂದ ಮೂರನೆಯ ಸಲವೂ ಅಲ್ಲಿಗೇ ಬಂದರು. ಇದೂ ಬೇರೆಯದೇ ಎಂದರು.

"ನಮ್ಮೂರವರು ಇಷ್ಟೊಂದು ಬ್ರೆಡ್ ತಿಂತಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ" ಎಂದು ಅತ್ತೆ ಸೀಟಿಗೊರಗಿ ಮುಗುಳ್ನಕ್ಕರು.

ಆಸ್ಪತ್ರೆ ಕಂಡಾಗ ಹತ್ತೂ ಹದಿನೆಂಟು. ಗೇಟು ಇದ್ದದ್ದು ಎಡಕ್ಕೆ, ರಸ್ತೆಯ ನಡುವೆ ಉದ್ದಕ್ಕೂ ಗೋಡೆ. ಗೇಟಿನ ಪಕ್ಕದಲ್ಲಿ "ಸದ್ದು ಮಾಡಬೇಡಿ" ಎಂಬ ಬೋರ್ಡು! ಯಜಮಾನರು ಕಣ್ಣು ಮುಚ್ಚಿ ತಿರುಗಿಸಿದರು. ಕಾವಲಿನವನು ತುಟಿಗೆ ಬೆರಳಿಟ್ಟುಕೊಂಡೇ ಓಡಿಬಂದ. ಒಳಗೆ ಕಣ್ಣಿಗೆ ಕಟ್ಟು ಕಟ್ಟಿಕೊಂಡವರೆಲ್ಲ ಇತ್ತ ತಿರುಗಿದರು. ಬಾಗಿಲಲ್ಲೇ ಕಾಯುತ್ತಿದ್ದ ಹೆಂಡತಿ ಕೈಗಡಿಯಾರವನ್ನು ಒಮ್ಮೆ ತಟ್ಟಿ ತೋರಿಸಿ, ಅಮ್ಮನ ಕೈ ಹಿಡಿದು ಒಳಗೆ ನಡೆದಳು. ಯಜಮಾನರು ಸ್ಟಿಯರಿಂಗನ್ನು ಸವರುತ್ತ ಕೂತರು. ಅವರಿಗೆ ನಿಜವಾಗಿಯೂ ಅಳು ಬಂದಿತ್ತು.

ಕಟ್ಟು ಬಿಚ್ಚಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು ಹೊರಬಂದ ಅತ್ತೆ ನೇರವಾಗಿ ಕಾರಿನ ಬಳಿಗೇ ಬಂದರು. ಬಾನೆಟ್ ಎತ್ತಿಸಿ ಬೆರಳು ಮಾಡಿದರು.

"ಇದನ್ನ ಜೋಡಿಸಿದ ಜಾಣ ಯಾರು?"

ಜಾಣರು ನೆಲ ನೋಡಿದರು.

"ನಿಮ್ಮ ಮಾವ ಹನ್ನೆರಡು ವರ್ಷ ಬಲಕ್ಕೇ ತಿರುಗಿ ತಿರುಗಿ, ಕೊನೆಗೆ ಬೇಸತ್ತು ಕಿತ್ತಿಟ್ಟ ತಂತಿ ಇದು. ಎರಡನೇ ಸಲ ಬ್ರೆಡ್ಡಿನ ವಾಸನೆ ಬಂದಾಗ್ಲೇ ನಂಗೆ ಗೊತ್ತಾಯ್ತು."

"ಆಗ್ಲೇ ಹೇಳ್ಬಾರ್ದಿತ್ತಾ ಅತ್ತೆ?"

"ಹೇಗೆ ಹೇಳ್ಲಿ? ಕಣ್ಣು ಕಾಣ್ತಿರ್ಲಿಲ್ಲ. ಅವರೇ ಓಡಿಸ್ತಿದ್ದಾರೇನೋ ಅನ್ನಿಸ್ತಿತ್ತು."

ಹೆಂಡತಿ ಅಮ್ಮನತ್ತ ತಿರುಗಿದಳು. "ಅಂದ್ರೆ ಅಮ್ಮಾ, ಚಿಕ್ಕವಳಿದ್ದಾಗ ನನ್ನ ಶಾಲೆ ಅಷ್ಟು ದೂರ ಇರ್ಲೇ ಇಲ್ವಾ?"

"ಎರಡೇ ಬೀದಿ ಕಣೇ."

ಆಕೆಗೆ ನಗು ಬಂತು, ಕಣ್ಣೂ ತುಂಬಿತು. ಗುಜರಿಯವರಿಗೆ ಫೋನ್ ಮಾಡಿ, ಬರುವುದು ಬೇಡ ಎಂದಳು. ಹಿಂದಿರುಗುವಾಗ ಎಡಕ್ಕೆ ತಿರುಗಬೇಕಾದಲ್ಲಿ, "ಬಲಕ್ಕೇ ತಿರುಗಿಸ್ರೀ, ಬೇಕರಿ ಮುಂದೆ ಇನ್ನೊಂದ್ಸಲ ಹೋಗೋಣ" ಎಂದವಳೂ ಅವಳೇ.

ಮಹಾರಾಣಿ ಮನೆಯಲ್ಲೇ ಉಳಿದಳು. ಅತ್ತೆ ಆ ತಂತಿಯನ್ನು ಮತ್ತೆ ಕೀಳಿಸಿದರು, ಬಾನೆಟ್ಟಿಗೆ ಒಂದು ಪುಟ್ಟ ಬೀಗವೂ ಬಿತ್ತು. ಬೀಗದ ಕೈ ಅತ್ತೆಯ ಬಳಿ. ಯಜಮಾನರು ನೀರು ಹಾಕುವುದಕ್ಕೂ ಅಪ್ಪಣೆ ಕೇಳಬೇಕು. ಹಾರನ್ ಇಲ್ಲದೆ ಓಡಿಸುವುದು ಹೇಗೆಂದು ಅವರು ಒಮ್ಮೆ ಮೆಲ್ಲಗೆ ಗೊಣಗಿದ್ದುಂಟು.

"ಕಿಟಕಿ ಇಳಿಸಿ ಕೂಗಿ" ಎಂದರು ಅತ್ತೆ. "ಮೇಜು ಕುಟ್ಟಿ ಮಾತಾಡೋ ಗಂಟಲು, ಅಷ್ಟೂ ಆಗಲ್ವಾ?"