ತಳವಿಲ್ಲದ ಬುಟ್ಟಿಗೆ ಚೆಂಡು

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ನಳಕ್ಕೆ ನೀರು ಬರುವ ಮೊದಲೇ ಕೊಡಗಳನ್ನು ಸಾಲಿನಲ್ಲಿಟ್ಟೆ. ನೀರು ಬಂದ ಮೇಲೆ ಸಾಲು ಬಿಟ್ಟು ನುಗ್ಗಿದ ಎದುರು ಮನೆಯವರ ಜೊತೆ ಸಣ್ಣದೊಂದು ಜಗಳ ಆಡಿ, ಅವರಿಂದಲೇ ಒಂದು ಹಿಡಿ ಕೊತ್ತಂಬರಿ ಇಸಿದುಕೊಂಡು ಬಂದೆ. ಹಿಟ್ಟು ನಾದಿ ರೊಟ್ಟಿ ಬಡಿದೆ. ಒಂದು ರೊಟ್ಟಿ ಹಂಚಿನ ಮೇಲೆ ಹರಿಯಿತು. ಅದನ್ನು ಅಲ್ಲೇ ಕುಳಿತು ತಿಂದು ಮುಗಿಸಿದೆ, ಯಾಕೆಂದರೆ ಡಬ್ಬಿಯಲ್ಲಿ ಹರಿದ ರೊಟ್ಟಿ ಒಯ್ದರೆ ಕಚೇರಿಯಲ್ಲಿ ಅದರ ಮೇಲೆ ಮಧ್ಯಾಹ್ನದವರೆಗೆ ಚರ್ಚೆಯಾಗುತ್ತದೆ. ಅಂಗಿಗೆ ಗುಂಡಿ ಹಚ್ಚಿದೆ. ನಿಂಬೆ ಉಪ್ಪಿನಕಾಯಿಯ ಭರಣಿಯನ್ನು ಬಿಸಿಲಿಗಿಟ್ಟೆ. ಬಾಗಿಲ ಚಿಲಕ ಕಿರುಗುಟ್ಟುತ್ತಿತ್ತು, ಅದಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟೆ. ಆಮೇಲೆ ಕಚೇರಿಗೆ ಹೋಗಿ ಬಂದೆ. ಅಲ್ಲಿ ಏನು ಮಾಡಿದೆ ಎಂದು ಕೇಳಬೇಡಿ. ಇಂಡಿ ಊರಿನ ತಾಲೂಕು ಕಚೇರಿಯ ಗುಮಾಸ್ತನಿಗೆ ಮನೆಯಲ್ಲಿರುವಷ್ಟು ಕೆಲಸ ಕಚೇರಿಯಲ್ಲಿ ಇರುವುದಿಲ್ಲ.

ಆದರೆ ಇವತ್ತು ಕಚೇರಿಯಲ್ಲಿ ಒಂದು ಪ್ರಶ್ನೆ ಎದುರಾಯಿತು. ಸಿಂದಗಿಯಿಂದ ಹೊಸದಾಗಿ ವರ್ಗವಾಗಿ ಬಂದ ಸಹೋದ್ಯೋಗಿಯೊಬ್ಬರ ಮಗಳು ಬಾಸ್ಕೆಟ್‌ಬಾಲ್ ಆಡುತ್ತಾಳಂತೆ. ಟೂರ್ನಮೆಂಟಿಗೆ ಕಳಿಸಿರಿ, ಅಲ್ಲಿಗೆ ದೊಡ್ಡ ಕಾಲೇಜಿನವರು ಬಂದು ನೋಡಿ ಆರಿಸಿಕೊಂಡು ಹೋಗುತ್ತಾರೆ ಎಂದು ಮಾಸ್ತರರು ಬೆನ್ನು ಹತ್ತಿದ್ದಾರಂತೆ. ಈ ಸಹೋದ್ಯೋಗಿ ನನ್ನ ಮೇಜಿನ ತುದಿಗೆ ಕುಳಿತು, ನೀವು ಇದಕ್ಕಾಗಿ ಊರೂರು ಅಡ್ಡಾಡಿದವರು, ಖರೇ ಹೇಳಿರಿ, ಇದರಿಂದ ಏನಾದರೂ ಫಾಯದೆ ಇದೆಯೇ ಎಂದು ಕೇಳಿದರು. ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡು ಬಂದಿದ್ದೇನೆ. ಹೌದು ಎಂದರೂ ಸುಳ್ಳು, ಇಲ್ಲ ಎಂದರೂ ಸುಳ್ಳು. ಅದಕ್ಕೇ ನಿಮ್ಮ ಮುಂದೆ ಹೇಳಿ ನೋಡುತ್ತೇನೆ, ನಿಮಗೇನಾದರೂ ತಿಳಿದರೆ ಸರಿ.

ನನ್ನ ಮಗಳು ಕಸ್ತೂರಿ ಎತ್ತರದವಳು. ಅವಳ ತಾಯಿ ತೀರಿಕೊಂಡಾಗ ಅವಳು ನನ್ನ ಮೊಣಕಾಲಿನವರೆಗೆ ಇದ್ದಳು. ಆಮೇಲೆ ನಾನು ರೊಟ್ಟಿ ಕಲಿಯುವಷ್ಟರಲ್ಲಿ ನನ್ನ ಭುಜ ದಾಟಿದಳು, ಸಾರು ಕಲಿಯುವಷ್ಟರಲ್ಲಿ ತಲೆ ದಾಟಿದಳು. ನಮ್ಮ ಮನೆಯಲ್ಲಿ ಇಬ್ಬರೇ. ಇಬ್ಬರ ನಡುವೆ ಇದ್ದದ್ದು ಒಂದೇ ಕಾಯಿದೆ: ಯಾರು ಕೊನೆಗೆ ಮಲಗುತ್ತಾರೋ ಅವರು ಚಿಲಕ ಹಾಕಿ, ಮೊಸರಿನ ಗಡಿಗೆ ಮುಚ್ಚಿ, ಬಾಗಿಲ ಬಳಿಯ ಗುಂಡಿ ಒತ್ತಿ ಬಲ್ಬು ಆರಿಸಬೇಕು. ಹೀಗಾಗಿ ಊಟ ಮುಗಿದ ಕೂಡಲೇ ಇಬ್ಬರೂ ಹಾಸಿಗೆಗೆ ಓಡುತ್ತಿದ್ದೆವು. ನಾನು ಸುಳ್ಳು ಗೊರಕೆ ಹೊಡೆದರೆ, ಅವಳು ನಿದ್ದೆಯಲ್ಲಿ ಕನವರಿಸಿದಂತೆ, ‘ಅಪ್ಪಾ, ದೀಪ’ ಎನ್ನುತ್ತಿದ್ದಳು. ಬಹಳ ಸಲ ಎದ್ದವನು ನಾನೇ. ಎತ್ತರದವರು ಹಾಸಿಗೆಯನ್ನು ಬೇಗ ಮುಟ್ಟುತ್ತಾರೆ.

ಊರಿಗೆ ಹೊಸ ಪಿ.ಟಿ. ಮಾಸ್ತರರು ಬಂದರು. ಅವರು ಕಸ್ತೂರಿಯನ್ನು ನೋಡಿದ ಕೂಡಲೇ ಮೈದಾನದಲ್ಲಿ ಒಂದು ಕಂಬ ನೆಡಿಸಿದರು. ತರಿಸಬೇಕೆಂದಿದ್ದ ರಿಂಗು ಬರಲೇ ಇಲ್ಲ. ಕಂಬಾರನಿಂದ ಹಳೆಯ ಗಾಡಿಯ ಪಟ್ಟಿ ಬಾಗಿಸಿ ಒಂದು ಬಳೆ ಮಾಡಿಸಿ ಹಚ್ಚಿದರು. ಮಕ್ಕಳು ಜೋತುಬಿದ್ದು ಅದು ಎಡಕ್ಕೆ ವಾಲಿತು. ಯಾರೂ ಸರಿಮಾಡಲಿಲ್ಲ, ಹುಡುಗಿಯರೇ ತಮ್ಮ ಕೈಯನ್ನು ಅದಕ್ಕೆ ಸರಿಮಾಡಿಕೊಂಡರು. ಇದನ್ನೆಲ್ಲ ಮೊದಲ ಸಲ ನೋಡಿದವಳು ಹೊರ್ತಿಯಿಂದ ಬಂದಿದ್ದ ನನ್ನ ಅಕ್ಕ ನೀಲವ್ವ. ಸೆರಗನ್ನು ಹಣೆಗೆ ಅಡ್ಡ ಹಿಡಿದು ಸ್ವಲ್ಪ ಹೊತ್ತು ಮೇಲೆ ನೋಡಿದಳು. “ತಳಾ ಇಲ್ಲದ ಬುಟ್ಟಿ, ತಮ್ಮಾ. ಇದರಾಗ ಹಾಕಿದ್ದು ಮನಿಗೆ ಬರೂದಿಲ್ಲ,” ಅಂದಳು.

ಅಕ್ಕನ ಮನಸ್ಸಿನಲ್ಲಿ ಬೇರೆ ಲೆಕ್ಕವಿತ್ತು. ಕಸ್ತೂರಿಯನ್ನು ತನ್ನ ಮಗನಿಗೆ ತಂದುಕೊಳ್ಳಬೇಕು. ಅವನು ಒಳ್ಳೆಯ ಹುಡುಗ, ಹೊಲ ನೋಡಿಕೊಂಡಿದ್ದಾನೆ, ಮಾತು ಕಡಿಮೆ, ಎತ್ತರವೂ ಕಡಿಮೆ. ಕಸ್ತೂರಿಗೆ ಓದುವ ಆಸೆ. ಆದರೆ ಪಿಯುಸಿಯಲ್ಲಿ, ಅದರಲ್ಲೂ ಗಣಿತದಲ್ಲಿ, ಅವಳು ನನ್ನ ಮಗಳೇ ಎಂಬುದರಲ್ಲಿ ಯಾರಿಗೂ ಸಂಶಯ ಉಳಿದಿರಲಿಲ್ಲ. ಧಾರವಾಡದ ಒಂದು ಕಾಲೇಜು ಆಟಗಾರ್ತಿಯರಿಗೆ ಸೀಟನ್ನೂ ಹಾಸ್ಟೆಲ್ಲನ್ನೂ ಕೊಡುತ್ತದೆ, ಅಲ್ಲಿಯ ಆಟದ ಸಾಹೇಬರು ತಾಲೂಕುಗಳ ಟೂರ್ನಮೆಂಟಿಗೆ ಬರುತ್ತಾರೆ, ಅವರ ಕಣ್ಣಿಗೆ ಬಿದ್ದರೆ ಸಾಕು ಎಂದು ಮಾಸ್ತರರು ಹೇಳಿದರು. ಅಕ್ಕ ಯೋಚಿಸಿ ಮಾತು ಕೊಟ್ಟಳು: ಆಟ ನೋಡಿ ಆರಿಸಿದರೆ ಹೋಗಲಿ, ಇಲ್ಲವಾದರೆ ಈ ಬೇಸಿಗೆಯಲ್ಲೇ ಮದುವೆಯ ಅಕ್ಕಿಕಾಳು. ಅಕ್ಕನ ಮಾತು ಎಂದರೆ ಕಲ್ಲಿನಲ್ಲಿ ಕೊರೆದದ್ದು. ಕಸ್ತೂರಿಯ ತಾಯಿ ಹೋದ ಮೇಲೆ ನಮ್ಮಿಬ್ಬರನ್ನೂ ಎತ್ತಿ ನಿಲ್ಲಿಸಿದವಳು ಅವಳು, ಎದುರಾಡುವ ಬಾಯಿ ನನಗಿಲ್ಲ.

ಹುಡುಗಿಯರ ಜೊತೆ ಹಿರಿಯರೊಬ್ಬರು ಹೋಗಬೇಕೆಂದಾಗ ಉಳಿದ ತಂದೆತಾಯಿಗಳೆಲ್ಲ ನನ್ನತ್ತ ನೋಡಿದರು. ಹೆಂಡತಿ ಇಲ್ಲದ ಗಂಡಸಿಗೆ ಬಹಳ ಬಿಡುವು ಇರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಬುತ್ತಿಗಂಟು, ನೀರಿನ ಕ್ಯಾನು, ನಿಂಬೆಹಣ್ಣಿನ ಚೀಲ ಹೊತ್ತು ಕೆಂಪು ಬಸ್ಸು ಹತ್ತಿದೆ. ಸಿಂದಗಿಯಲ್ಲಿ ರಿಂಗು ನೆಟ್ಟಗಿತ್ತು. ನಮ್ಮ ಹುಡುಗಿಯರಿಗೆ ಅದೇ ತೊಡಕಾಯಿತು. ಎಸೆದ ಚೆಂಡುಗಳೆಲ್ಲ ಇಂಡಿಯ ರಿಂಗು ಇರುವ ದಿಕ್ಕಿಗೆ ಹೋದವು. ಸೋತೆವು. ಸಾಹೇಬರು ಬಂದಿರಲಿಲ್ಲ, ಅದೊಂದು ಪುಣ್ಯ. ಮುದ್ದೇಬಿಹಾಳದಲ್ಲಿ ಗೆದ್ದೆವು. ಅಲ್ಲಿ ಪ್ಯಾಂಟು ಹಾಕಿ, ಕಪ್ಪು ಕನ್ನಡಕ ಏರಿಸಿ, ಕೈಕಟ್ಟಿ ನಿಂತು ಆಟ ನೋಡುತ್ತಿದ್ದ ಒಬ್ಬರಿಗೆ ನಾನು ಓಡಿ ಓಡಿ ನಿಂಬೆ ಪಾನಕ ಕೊಟ್ಟೆ, ಕುರ್ಚಿ ತಂದೆ, ಮಗಳ ಗುಣಗಾನ ಮಾಡಿದೆ. ಅವರು ಎಲ್ಲದಕ್ಕೂ ಹೌದ್ರಿ, ಹೌದ್ರಿ ಎಂದರು. ಕೊನೆಗೆ ತಾಳಿಕೋಟೆ ಬಸ್ಸು ಬಂದಾಗ ಹೊರಟುನಿಂತು, ಹತ್ತಿಬೀಜ ಬೇಕಾದರೆ ಹೇಳಿಕಳಿಸಿರಿ ಎಂದರು. ಸಾಹೇಬರು ಅಲ್ಲಿಗೂ ಬಂದಿರಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಕಸ್ತೂರಿ ನನ್ನ ಭುಜದ ಮೇಲೆ ತಲೆಯಿಟ್ಟು ಮಲಗಲು ಕುತ್ತಿಗೆಯನ್ನು ಎಷ್ಟು ಬಗ್ಗಿಸಬೇಕಾಯಿತೆಂದರೆ, ನಾನೇ ನೆಟ್ಟಗೆ ಕುಳಿತು ಸ್ವಲ್ಪ ಎತ್ತರವಾಗಲು ನೋಡಿದೆ.

ಕೊನೆಯದು ಬಸವನ ಬಾಗೇವಾಡಿ. ಅಲ್ಲಿಗೆ ಅಕ್ಕನೂ ಹೊರಟಳು. ಕೊಟ್ಟ ಮಾತಿಗೆ ಸಾಕ್ಷಿ ಬೇಡವೇ? ಬರಿಗೈಯಲ್ಲಿ ಬರುವವಳಲ್ಲ ಅವಳು. ಹುಡುಗಿಯರು ಆಡುತ್ತಾರೆ, ಹಸಿದಿರುತ್ತಾರೆ ಎಂದು ಹೂರಣದ ಹೋಳಿಗೆ ಮಾಡಿ, ತುಪ್ಪದ ಗಿಂಡಿ ಸಮೇತ ತಂದಿದ್ದಳು. ಈ ಸಲ ಸಾಹೇಬರು ನಿಜವಾಗಿ ಬಂದರು. ವಯಸ್ಸಾದವರು, ದುಂಡಗಿನವರು, ಕೊರಳಲ್ಲಿ ಸೀಟಿ. ನಸುಕಿನ ಬಸ್ಸಿಗೆ ಹೊರಟವರು ಚಹಾ ಸಹ ಕುಡಿದಿರಲಿಲ್ಲ. ಹಸಿದು ಬಂದವರ ಮುಂದೆ ಕೆಲಸದ ಮಾತು ತೆಗೆಯುವುದು ನಮ್ಮಲ್ಲಿ ಇಲ್ಲ. ಸಾಲೆಯ ಪಡಸಾಲೆಯಲ್ಲಿ ಕೂರಿಸಿ ಬಡಿಸಿದೆವು. ಅವರು ಸಾಕು ಎಂದರು. ನಮ್ಮ ಕಡೆ ಸಾಕು ಎಂದರೆ ಊಟ ಈಗ ಶುರುವಾಯಿತು ಎಂದು ಅರ್ಥ. ಅಕ್ಕ ಹೋಳಿಗೆ ಹಾಕಿದಳು, ನಾನು ತುಪ್ಪ ಸುರಿದೆ. ಮಗಳ ಹೆಸರಿನಲ್ಲಿ ಒಂದು, ಅವಳ ತಾಯಿಯ ನೆನಪಿಗೆ ಒಂದು, ಊರು ಬಿಟ್ಟು ಇಷ್ಟು ದೂರ ಬಂದದ್ದಕ್ಕೆ ಒಂದು. ಕೈಯಿಂದ ತಾಟು ಮುಚ್ಚಿದರೆ ಬೆರಳಿನ ಸಂದಿಯಿಂದ ತುಪ್ಪ ಬಿಟ್ಟೆ. ಇಷ್ಟು ಉಂಡವರು ಹೇಗೆ ಇಲ್ಲವೆನ್ನುತ್ತಾರೆ ಎಂಬುದು ನನ್ನ ಜಾಣತನ.

ಸಾಹೇಬರು ಇಲ್ಲವೆನ್ನಲಿಲ್ಲ. ಏನನ್ನೂ ಅನ್ನಲಿಲ್ಲ. ಬೇವಿನ ಮರದ ಕೆಳಗೆ ಕುರ್ಚಿಯಲ್ಲಿ ಕುಳಿತು, ಆಟ ಶುರುವಾಗುವ ಸೀಟಿ ಕೇಳಿದ ಕೂಡಲೇ ಮುಖದ ಮೇಲೆ ಟವೆಲ್ ಎಳೆದುಕೊಂಡು ನಿದ್ದೆಹೋದರು. ಅತ್ತ ಕಸ್ತೂರಿ ಆಡುತ್ತಿದ್ದಾಳೆ. ಹಾಗೆ ಆಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಅಂದೂ ಪೂರ್ತಿ ನೋಡಲಾಗಲಿಲ್ಲ. ನಾನು ಚಪ್ಪಾಳೆ ತಟ್ಟಿದೆ, ಕೆಮ್ಮಿದೆ, ಕುರ್ಚಿಯ ಕಾಲಿಗೆ ಎಡವಿದಂತೆ ಮಾಡಿದೆ. ಅಕ್ಕ ನನ್ನ ಅಂಗಿ ಜಗ್ಗಿ, ಉಂಡು ಮಲಗಿದವರನ್ನು ಎಬ್ಬಿಸಿದರೆ ಉಣಿಸಿದ ಪುಣ್ಯ ಹೋಗುತ್ತದೆ ಎಂದು ಗದರಿಸಿದಳು. ಅಷ್ಟರಲ್ಲಿ ಹೋಳಿಗೆಯ ವಾಸನೆಗೆ ನೊಣಗಳು ಬಂದವು. ಅತಿಥಿಯ ಮೇಲೆ ನೊಣ ಕೂರುವುದನ್ನು ನೋಡುತ್ತ ನಿಲ್ಲಲು ಆಗುತ್ತದೆಯೇ? ಕೈಯಲ್ಲಿದ್ದ ಪೇಪರಿನಿಂದ ಗಾಳಿ ಹಾಕತೊಡಗಿದೆ. ಚೆಂಡು ಹಾಕಿ ತಿರುಗಿದ ಕಸ್ತೂರಿ ಒಮ್ಮೆ ಈ ಕಡೆ ನೋಡಿದಳು. ತನ್ನನ್ನು ನೋಡಲು ಬಂದವರು ಮಲಗಿದ್ದಾರೆ, ತನ್ನಪ್ಪ ಅವರಿಗೆ ಗಾಳಿ ಬೀಸುತ್ತಿದ್ದಾನೆ. ಅವಳು ಮುಖ ತಿರುಗಿಸಿ ಮತ್ತೆ ಓಡಿದಳು. ನಾನು ಪೇಪರನ್ನು ನಿಲ್ಲಿಸಿದೆ. ನೊಣ ಕುಳಿತಿತು. ಮತ್ತೆ ಬೀಸಿದೆ.

ನಾವು ಗೆದ್ದೆವು. ಆಯುಷ್ಯವನ್ನೆಲ್ಲ ಮೈದಾನದ ಗದ್ದಲದಲ್ಲಿ ಕಳೆದ ಮನುಷ್ಯ ಗದ್ದಲಕ್ಕೆ ಏಳುವುದಿಲ್ಲ. ಬಸ್ಸು ನಿಂತಾಗ ಪ್ರಯಾಣಿಕನಿಗೆ ಎಚ್ಚರವಾಗುವ ಹಾಗೆ, ಜನ ಚದುರಿ ಸದ್ದಡಗಿದಾಗ ಸಾಹೇಬರು ಎದ್ದರು. ಚಲೋ ಆಡಿದರು, ಭಾಳ ಚಲೋ ಆಡಿದರು ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ ಯಾರು ಗೆದ್ದರು ಎಂದು ಕೇಳಿದರು. ನಾನು ಹೇಳಿದೆ. ಅವರ ಮುಖ ಸಣ್ಣದಾಯಿತು. ಒಳ್ಳೆಯ ಮನುಷ್ಯ. “ಮಗಳ ಹೆಸರು ಹೇಳ್ರಿ, ಬರ್ಕೋತೇನಿ. ನಿಮ್ಮ ಅನ್ನ ಉಂಡೇನಿ,” ಅಂದರು.

ನನ್ನ ಜಾಣತನ ಫಲಿಸಿತ್ತು. ಹೆಸರು ಹೇಳಲು ಬಾಯಿ ತೆರೆದೆ. ಅಕ್ಕ ನಡುವೆ ಬಂದಳು.

“ಹಂಗಂದ್ರ ಸೀಟು ಸಿಕ್ಕಿದ್ದು ನನ್ನ ಹೋಳಿಗಿಗೆ, ಹುಡುಗಿಗಲ್ಲ. ನಾ ಮಾತು ಕೊಟ್ಟಿದ್ದು ಆಟಕ್ಕ, ತಮ್ಮಾ.”

ಕಸ್ತೂರಿ ಅಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತ ಬಂದು ನಿಂತಿದ್ದಳು. ಅವಳಿಗೆ ನನ್ನ ಮೇಲೆ ಸಿಟ್ಟಿತ್ತು. ಆದರೆ ಮಾತಾಡಿದ್ದು ಸಾಹೇಬರ ಜೊತೆ. “ಅತ್ತಿ ಹೇಳೂದು ಖರೇ ಐತ್ರಿ, ಸರ್. ನೋಡದ ಬರೀಬ್ಯಾಡ್ರಿ. ಕಣ್ಣಿಗೆ ನೀರ ಹಚ್ಚಿಕೊಂಡು ಬರ್ರಿ, ನಾ ಒಬ್ಬಾಕೀನ ಆಡ್ತೇನಿ.”

ಉಳಿದ ಹುಡುಗಿಯರು ಮಾಸ್ತರರ ಜೊತೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದರು. ಚೆಂಡು ತಿರುಗಿ ತಂದುಕೊಡಲು ಯಾರೂ ಇರಲಿಲ್ಲ. ಧೋತರದ ಕಚ್ಚೆಯನ್ನು ಬಿಗಿಮಾಡಿ ನಾನೇ ರಿಂಗಿನ ಕೆಳಗೆ ನಿಂತೆ. ದಣಿದ ಕೈ ಹಳೆಯ ರೂಢಿಗೆ ಹೋಗುತ್ತದೆ. ಮೊದಲ ಚೆಂಡುಗಳು ಇಂಡಿಯ ರಿಂಗಿನ ಕಡೆಗೇ ಹೋದವು. ಒಂದು ಬೇಲಿಯವರೆಗೆ ಉರುಳಿತು, ಇನ್ನೊಂದು ಚರಂಡಿಗೆ ಬಿತ್ತು. ನಾನು ಚಪ್ಪಲಿ ಬಿಟ್ಟು ಓಡಿದೆ. ಆಮೇಲೆ ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟು, ಪಾದ ಸರಿಸಿ ನಿಂತಳು. ಚೆಂಡು ರಿಂಗಿನ ಅಂಚನ್ನೂ ಮುಟ್ಟದೆ ಇಳಿದು ನನ್ನ ಕೈಗೇ ಬಂತು. ಇನ್ನೊಂದೂ ಬಂತು. ಆಗ ನನಗೆ ಈ ಆಟದ ನಿಯಮ ಅರ್ಥವಾಯಿತು. ಗುರಿ ತಪ್ಪಿದರೆ ಚೆಂಡು ದೂರ ಹೋಗುತ್ತದೆ, ಮಗಳು ಹತ್ತಿರ ಉಳಿಯುತ್ತಾಳೆ, ಅಕ್ಕನ ಹೊರ್ತಿ ಎಷ್ಟು ದೂರ? ಗುರಿ ಮುಟ್ಟಿದರೆ ಚೆಂಡು ಕೈಯಲ್ಲಿ, ಮಗಳು ಧಾರವಾಡದಲ್ಲಿ. ನನ್ನ ಮೊಣಕಾಲು ಒಂದನ್ನು ಬೇಡುತ್ತಿತ್ತು, ಎದೆ ಇನ್ನೊಂದನ್ನು. ಅವಳು ಮಾತ್ರ ಯಾವುದನ್ನೂ ಬೇಡದೆ ಎಸೆಯುತ್ತಿದ್ದಳು. ಚೆಂಡುಗಳು ನೇರವಾಗಿ ನನ್ನ ಕೈಗೆ ಬರುತ್ತಿದ್ದವು.

ಸಾಹೇಬರು ಕುರ್ಚಿಯಿಂದ ಯಾವಾಗ ಎದ್ದರೋ ನಾನು ಕಾಣೆ. ಬಂದು ನನ್ನ ಕೈಯಲ್ಲಿದ್ದ ಚೆಂಡನ್ನು ಇಸಿದುಕೊಂಡರು. “ಗುಮಾಸ್ತರ, ನೀವು ಕೂಡ್ರಿ. ಇನ್ನ ಮ್ಯಾಲ ಚೆಂಡು ನಾ ಕೊಡ್ತೇನಿ,” ಅಂದರು.

ನಾನು ಹೋಗಿ ಅವರ ಕುರ್ಚಿಯಲ್ಲಿ ಕುಳಿತೆ. ಅದು ಇನ್ನೂ ಬಿಸಿಯಿತ್ತು. ಅಕ್ಕ ಪಕ್ಕದಲ್ಲಿ ನಿಂತು ಬಹಳ ಹೊತ್ತು ನೋಡಿದಳು, ಕೊನೆಗೆ ಗಿಂಡಿಯ ಮುಚ್ಚಳ ಒತ್ತಿ ಚೀಲಕ್ಕೆ ಹಾಕಿದಳು. “ಹೋಗಲಿ ಬಿಡು. ಈಕಿನ್ನ ನೋಡಿ ನೋಡಿ ನನ್ನ ಮಗನ ಕುತ್ತಿಗಿನೂ ನೋಯ್ತಿತ್ತು,” ಎಂದಳು. ಆಮೇಲೆ ಬಸ್ಸಿನುದ್ದಕ್ಕೂ ಕಸ್ತೂರಿಯ ಕೈಯನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡೇ ಕುಳಿತಿದ್ದಳು. ಕಸ್ತೂರಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಇಂಡಿ ಹತ್ತಿರವಾದಾಗ, ಗಾಳಿ ಹಾಕಿ ಕೈ ನೋಯುತ್ತಿದೆಯೇ ಎಂದು ಕೇಳಿದಳು. ಅದು ಸಮಾಧಾನವೋ ಚುಚ್ಚುಮಾತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಜೂನ್ ತಿಂಗಳಲ್ಲಿ ಟ್ರಂಕು ಹೊತ್ತು ಅವಳನ್ನು ಧಾರವಾಡಕ್ಕೆ ಬಿಟ್ಟುಬಂದೆ.

ಹಾಗಾದರೆ ಫಾಯದೆ ಇದೆಯೋ ಇಲ್ಲವೋ? ಒಂದೂರಿನಲ್ಲಿ ಸೋತದ್ದನ್ನು ಯಾರೂ ನೋಡಲಿಲ್ಲ, ಇನ್ನೊಂದರಲ್ಲಿ ಗೆದ್ದದ್ದನ್ನು ಬೀಜದ ಏಜೆಂಟ ನೋಡಿದ, ಮತ್ತೊಂದರಲ್ಲಿ ನೋಡಬೇಕಾದವರನ್ನು ನಾನೇ ಮಲಗಿಸಿದೆ. ಅವಳನ್ನು ಆರಿಸಿದ್ದು ಟೂರ್ನಮೆಂಟು ಮುಗಿದ ಮೇಲೆ, ಖಾಲಿ ಮೈದಾನದಲ್ಲಿ. ಆದರೆ ಟೂರ್ನಮೆಂಟೇ ಇರದಿದ್ದರೆ ಆ ಖಾಲಿ ಮೈದಾನಕ್ಕೆ ಯಾರು ಹೋಗುತ್ತಿದ್ದರು? ನಾಳೆ ಸಹೋದ್ಯೋಗಿಗೆ ಇಷ್ಟೇ ಹೇಳುತ್ತೇನೆ: ಅವಶ್ಯ ಹೋಗಿರಿ, ಸಾಹೇಬರಿಗೆ ಊಟ ಆಟವಾದ ಮೇಲೆ ಹಾಕಿರಿ. ಮಿಕ್ಕದ್ದನ್ನು ಹೇಳುವುದಿಲ್ಲ. ಅದು ಅವರಿಗೆ ರಿಂಗಿನ ಕೆಳಗೆ ನಿಂತಾಗ ತಿಳಿಯುತ್ತದೆ.

ಇವತ್ತು ಸಂಜೆ ಉಂಡದ್ದು ಬೆಳಗಿನ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ. ಉಪ್ಪಿನಕಾಯಿ ಇನ್ನೂ ಹದಕ್ಕೆ ಬಂದಿಲ್ಲ. ಜೂನ್‌ನಿಂದ ಈ ಮನೆಯಲ್ಲಿ ಮೊದಲು ಮಲಗುವವನು ನಾನೇ. ದಿನಾಲೂ ಗೆಲ್ಲುತ್ತೇನೆ. ಗೆದ್ದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಬಿದ್ದುಕೊಂಡಿದ್ದು, ಎದ್ದುಹೋಗಿ ದೀಪ ಆರಿಸಿ ಬರುತ್ತೇನೆ.