ದೇವರಿಲ್ಲದ ಗುಡಿಗೆ ಕಾವಲು

ಜನವೇ ಬಾರದ ಗುಡಿಯಲ್ಲಿ ನಗುವಂಥದ್ದು ಏನು ನಡೆದೀತು ಅಂತ ಕೇಳುವವರಿದ್ದಾರೆ. ನಡೆಯುತ್ತಲೇ ಇರುತ್ತದೆ. ಜೊತೆಗೆ ನಗೋಕೆ ಇನ್ನೊಬ್ಬರು ಇರೋದಿಲ್ಲ, ಅಷ್ಟೇ.

ನನ್ನ ಊರು ಸತ್ತೇಗಾಲ. ಕೆಲಸ ಯಳಂದೂರಿನ ಆಚೆ, ಗದ್ದೆ ನಡುವೆ ಇರುವ ಒಂದು ಹಳೇ ಕಲ್ಲಿನ ಗುಡಿಯಲ್ಲಿ. ಕಂಬಗಳು, ಗೋಡೆ ಮೇಲಿನ ಶಿಲ್ಪಗಳು ನೋಡೋಕೆ ಸೊಗಸು. ಗರ್ಭಗುಡಿಯಲ್ಲಿ ಮಾತ್ರ ಪೀಠ ಇದೆ, ಮೂರ್ತಿ ಇಲ್ಲ. ಯಾವ ಕಾಲದಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಪೂಜೆಯೂ ಇಲ್ಲ, ಪೂಜಾರಿಯೂ ಇಲ್ಲ. ಪುರಾತತ್ವ ಇಲಾಖೆಯವರು ಒಂದು ನೀಲಿ ಬೋರ್ಡು, ಒಂದು ಸ್ಟೂಲು ಮತ್ತು ನನ್ನನ್ನು ಇಟ್ಟಿದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಯಳಂದೂರಲ್ಲೇ ಒಂದು ರೂಮು ಮಾಡಿಕೊಂಡೆ. ಬೆಳಿಗ್ಗೆ ಹೋಟೆಲಿನಲ್ಲಿ ಎರಡು ಇಡ್ಲಿ ಅಂತ ಕೇಳಿದರೆ, ಎಷ್ಟೋ ದಿನ ಸಂಜೆವರೆಗೆ ನಾನು ಆಡುವ ಮಾತು ಅದೊಂದೇ.

ಬೀಗ

ಒಂದು ದಿನ ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಡ್ರೈವರೊಬ್ಬ ನೀರು ಕೇಳಿಕೊಂಡು ಬಂದ. ಕುಡಿದು, ಚಪ್ಪಲಿ ಬಿಟ್ಟು ಒಳಗೆ ಹೋದ. ಗರ್ಭಗುಡಿಗೆ ಬೀಗ ಹಾಕಿತ್ತು. ಒಳಗೆ ಯಾವ ದೇವರು ಅಂತ ಕೇಳಿದ. ಯಾವ ದೇವರೂ ಇಲ್ಲ, ಖಾಲಿ ಅಂದೆ. ಅವನು ಬೀಗ ಮುಟ್ಟಿ ನೋಡಿದ.

"ಏನೂ ಇಲ್ದಿದ್ಮೇಲೆ ಬೀಗ ಯಾಕಾಕಿದ್ದೀರಿ ಸಾ?"

"ಯಾರೂ ಒಳಗೆ ಹೋಗದಿರಲಿ ಅಂತ."

"ಒಳಕ್ಕೋದ್ರೆ ಏನಾಯ್ತದೆ?"

"ಏನೂ ಇಲ್ಲ ಅಂತ ಗೊತ್ತಾಗುತ್ತೆ."

ನಾನು ತಮಾಷೆಗೆ ಹೇಳಿದ್ದು. ಅವನು ನಗಲಿಲ್ಲ. ಬೀಗಕ್ಕೇ ಕೈಮುಗಿದು, ಎರಡು ಸಲ ಕೆನ್ನೆ ತಟ್ಟಿಕೊಂಡು ಹೋದ.

ರವಿಕೆ

ಕೊಳ್ಳೇಗಾಲದಲ್ಲಿ ಟೈಲರ್ ಅಂಗಡಿ ಇಟ್ಟಿರುವ ಒಬ್ಬ ಹೆಂಗಸು ನೋಟ್‌ಬುಕ್ಕು, ಪೆನ್ಸಿಲ್ಲು ಹಿಡಿದು ಬಂದಿದ್ದಳು. ಮದುವೆ ಹೆಣ್ಣುಗಳು ಈಗ ದೇವಸ್ಥಾನದ ಡಿಸೈನೇ ಬೇಕು ಅಂತಾರಂತೆ. ಗೋಡೆ ಮೇಲೆ ಕನ್ನಡಿ ಹಿಡಿದು ನಿಂತ ಒಂದು ಹೆಣ್ಣಿನ ಶಿಲ್ಪ ಇದೆ. ಅದರ ಮುಂದೆ ಕೂತು ಮಧ್ಯಾಹ್ನದವರೆಗೆ ಬರೆದುಕೊಂಡಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಬಂದವರು ಅಷ್ಟು ಹೊತ್ತು ಇರುವುದೇ ಅಪರೂಪ. ಆ ಸರ ಎಷ್ಟು ಎಳೆ, ಈ ಹೂವಿಗೆ ಎಷ್ಟು ದಳ ಅಂತ ನನಗೆ ಗೊತ್ತಿದ್ದದ್ದೆಲ್ಲ ಹೇಳಿದೆ. ಕೊನೆಗೆ ಅವಳು ಪೆನ್ಸಿಲ್ ಕಚ್ಚಿಕೊಂಡು, ಈ ರವಿಕೆಗೆ ಹಿಂದೆ ದಾರವೋ ಹುಕ್ಕೋ ಅಂತ ಕೇಳಿದಳು.

"ಅವಳು ರವಿಕೆ ಹಾಕೇ ಇಲ್ಲಮ್ಮ. ಮೈಮೇಲಿರೋದು ಬರೀ ಸರ."

ಅವಳು ಹತ್ತಿರ ಹೋಗಿ ನೋಡಿ, ನೋಟ್‌ಬುಕ್ಕು ಮುಚ್ಚಿದಳು. "ಎಲ್ಲಾರೂ ಇವಳಂಗೇ ಇದ್ಬುಟ್ರೆ ನಮ್ ಅಂಗಡಿ ಗತಿ ಏನು ಸಾ" ಅಂದಳು.

ಇನ್ನೊಂದು ಸಲ ಬರ್ತೀನಿ ಅಂದಿದ್ದಳು. ಒಂದು ವಾರ ಆ ಶಿಲ್ಪದ ಮುಂದೆ ಎರಡೆರಡು ಸಲ ಗುಡಿಸಿದೆ. ಬರಲಿಲ್ಲ.

ಅಭಿಪ್ರಾಯ

ಗುಡಿಯಲ್ಲಿ ಸಂದರ್ಶಕರ ಪುಸ್ತಕ ಒಂದಿದೆ. ಬಂದವರು ಹೆಸರು, ಊರು, ಅಭಿಪ್ರಾಯ ಬರೆಯಬೇಕು. ಮಳೆಗಾಲದಲ್ಲಿ ಪುಟಕ್ಕೆ ಪುಟ ಖಾಲಿ. ಖಾಲಿ ಪುಟ ನೋಡಿ ನೋಡಿ ಬೇಜಾರಾಗಿ, ಒಂದು ದಿನ ನನ್ನ ಹೆಸರನ್ನೇ ಬರೆದೆ. ಅಭಿಪ್ರಾಯ: ಚೆನ್ನಾಗಿದೆ. ಆಮೇಲೆ ಅದೇ ಅಭ್ಯಾಸವಾಯಿತು. ಕೆಲವು ದಿನ "ಗಾಳಿ ಚೆನ್ನಾಗಿದೆ", ಇನ್ನು ಕೆಲವು ದಿನ "ಬಾವಲಿ ಜಾಸ್ತಿ".

ಮೇಲಿನವರು ತಪಾಸಣೆಗೆ ಬಂದಾಗ ಆ ಪುಸ್ತಕ ತೆಗೆದರು. ಹೊಸಬರು, ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಹಾಳೆ ತಿರುವುತ್ತಾ ಹುಬ್ಬು ಗಂಟಿಕ್ಕಿದರು.

"ಯಾರ್ರೀ ಇವನು, ದಿನಾ ಬರ್ತಾನೆ? ಮಾಡೋಕೆ ಬೇರೆ ಕೆಲಸ ಇಲ್ವಾ?"

"ಇಲ್ಲ ಸಾ" ಅಂದೆ. "ಇದೇ ಅವನ ಕೆಲಸ."

ಹೂಂ

ಹೋದ ಬೇಸಿಗೆಯದು. ಬಿಸಿಲು ತಡೆಯಲಾರದೆ ಗರ್ಭಗುಡಿ ಬಾಗಿಲು ತೆಗೆದು, ತಲೆ ಮೇಲೆ ಟವಲು ಹೊದ್ದು ಆ ಪೀಠದ ಮೇಲೇ ಕೂತಿದ್ದೆ. ಒಳಗೆ ಕತ್ತಲು, ತಂಪು. ಹಾಗೇ ಜೋಂಪು ಹತ್ತಿತು. ಕಣ್ಣು ಬಿಟ್ಟಾಗ ಹೊಸಿಲಾಚೆ ಒಬ್ಬ ಮುದುಕಿ ಕೈಮುಗಿದು ನಿಂತಿದ್ದಳು.

ಎದ್ದರೆ ಹೆದರಿಕೊಂಡು ಬಿದ್ದಾಳು ಅಂತ ನಾನು ಅಲ್ಲಾಡಲಿಲ್ಲ. ಅವಳು ಕಷ್ಟ ಹೇಳಿಕೊಳ್ಳೋಕೆ ಶುರು ಮಾಡಿದಳು. ಹನೂರು ಕಡೆಯವಳು, ಇಲ್ಲಿ ಕಳೆ ಕೀಳೋಕೆ ಬಂದವಳು. ಅವ್ವನ ತಾಮ್ರದ ಹಂಡೆ ಯಾರಿಗೆ ಅಂತ ತಂಗಿ ಜೊತೆ ಜಗಳವಾಗಿ ಆರು ವರ್ಷ ಮಾತಿಲ್ಲ. ಈಗ ತಂಗಿ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ನೋಡೋಕೆ ಹೋದರೆ ಮುಖ ತಿರುಗಿಸಿಬಿಟ್ಟಾಳೇನೋ ಅನ್ನುವ ಭಯ. ಕೇಳುತ್ತಾ ಕೇಳುತ್ತಾ ನನಗೆ ಗೊತ್ತಿಲ್ಲದೆ "ಹೂಂ" ಅಂದುಬಿಟ್ಟೆ.

ಅವಳು ತಟ್ಟನೆ ತಲೆ ಎತ್ತಿದಳು. "ಓಗ್ಲಾ ನಮ್ಮಪ್ಪ?"

ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಬಾಗಿಲ ಕಡೆಗೇ ನೋಡುತ್ತಾ ಮಲಗಿದ್ದದ್ದು ನೆನಪಾಯಿತು. "ಇವತ್ತೇ ಹೋಗು" ಅಂದೆ. ಅವಳು ಅಡ್ಡಬಿದ್ದು ಹೋದಳು. ನಾನು ಪೀಠದಿಂದ ಇಳಿದು ಗರ್ಭಗುಡಿಗೆ ಬೀಗ ಹಾಕಿದೆ.

ಮೂರು ವಾರದ ಮೇಲೆ ಮತ್ತೆ ಬಂದಳು. ನಾನು ಹೊರಗೆ ಸ್ಟೂಲಿನ ಮೇಲಿದ್ದೆ. ಕಜ್ಜಾಯದ ಡಬ್ಬಿಯನ್ನು ನನ್ನ ಮಡಿಲಲ್ಲೇ ಇಟ್ಟಳು. ತಂಗಿ ಗುಣವಾಗಿ ಮನೆಗೆ ಬಂದಳಂತೆ, ಇಬ್ಬರೂ ಮಾತಾಡುತ್ತಿದ್ದಾರಂತೆ. ದೇವರಿಗೆ ಇಡಬೇಕಾದ್ದು ಒಳಗಲ್ಲವಾ ಅಂತ ನಾನು ಮೆಲ್ಲಗೆ ಅಂದೆ.

"ಉತ್ರ ಕೊಟ್ಟೋನ್ಗೇ ಕೊಡ್ತಾ ಇವ್ನಿ ಕಣಪ್ಪ. ದೇವ್ರು ಗೊರ್ಕೆ ಒಡೀತದಾ? ನಾ ಬಂದಾಗ ನೀ ಒಡೀತಾ ಕುಂತಿದ್ದೆ."

ಗೊತ್ತಿದ್ದೂ ಯಾಕೆ ಕೇಳಿದೆ ಅಂದೆ.

"ಎಲ್ಲಾ ಗುಡೀಲೂವೆ ನಾನೊಬ್ಳೇ ಮಾತಾಡ್ಬುಟ್ಟು ಬತ್ತಿದ್ದೆ. ಇಲ್ಲಿ ಒಬ್ಬ ಹೂಂ ಅಂದ. ಬಿಡಕ್ಕಾಯ್ತದಾ?"

ಒಂದು ಕಜ್ಜಾಯ ಅವಳಿಗೆ ಕೊಟ್ಟು ಒಂದು ನಾನು ತಿಂದೆ. ಆಮೇಲೆ ಎದ್ದು, ಸೆರಗು ಕೊಡವಿಕೊಂಡು, ಹೊರಡುವ ಮುಂಚೆ ಅವಳು ನನ್ನ ಕಿವಿಯ ಹತ್ತಿರ ಬಂದು ದನಿ ಇಳಿಸಿದಳು.

"ಮುಂದಿನ ಸ್ವಾಮಾರ ನಮ್ ತಂಗೀನೂ ಕರ್ಕೊಂಡ್ ಬತ್ತೀನಿ. ಒಳ್ಗೋಗಿ ಕುಂತ್ಕೊ. ಅವಳು ನಿನ್ನ ನಿಜ್ವಾದ ದೇವ್ರು ಅಂತ್ಲೇ ನಂಬಿವ್ಳೆ, ನಿದ್ದೆ ಮಾತ್ರ ಮಾಡ್ಬೇಡ."